ದ್ರೌಪತಿಯ ಸುಣ್ಣ ಕುದಿಯಿತು

ಬಸವಕಲ್ಯಾಣದ ದ್ರೌಪತಿಯ ಹುಬ್ಬು, ರೆಪ್ಪೆ, ಸೆರಗು ಎಲ್ಲ ಸುಣ್ಣ ಮೆತ್ತಿ ಬೆಳ್ಳಗೆ. ಮಾತು ಮಾತ್ರ ಕೆಂಪು ಖಾರ. ಎಪ್ಪತ್ತರ ದಶಕದಲ್ಲಿ ಗಂಡ ತೀರಿಕೊಂಡ. ಉಳಿದದ್ದು ಊರಾಚೆಯ ಸುಣ್ಣದ ಭಟ್ಟಿ ಒಂದೇ. ಹೊಟ್ಟೆಗೂ ಅದೇ, ಮಾನಕ್ಕೂ ಅದೇ. ತಿಂಗಳು ಕಳೆಯುವಷ್ಟರಲ್ಲಿ ಮೈದುನ ಪಂಡರಿ ಬಂದು ಕೂತ.

"ವೈನಿ, ಭಟ್ಟಿ ಹಚ್ಚೋದು ಹೆಂಗಸರ ಕೆಲಸ ಅಲ್ರಿ. ನನಗ ಬಿಡ್ರಿ."

ಬಿಡುವ ಹೆಣ್ಣೇ ಆಕೆ? "ಒಂದು ಸಲ ನಾನೇ ಸುಡ್ತೀನಿ. ಹಳ್ಳಿಖೇಡದ ಸಕ್ಕರಿ ಕಾರ್ಖಾನ್ಯಾಗ ನನ್ನ ಸುಣ್ಣ ಪಾಸಾದ್ರ ಭಟ್ಟಿ ನಂದು. ಆಗಲಿಲ್ಲಂದ್ರ ನಿಂದು. ಕಬೂಲ್ ಏನೋ?"

ಕಬ್ಬಿನ ರಸ ತಿಳಿಯಾಗಿಸಲು ಕಾರ್ಖಾನೆಗೆ ಸುಣ್ಣ ಬೇಕು, ಅದೂ ಚೊಕ್ಕ ಸುಣ್ಣ. ಇವಳಿಂದ ಆದೀತೇ ಎಂದು ಒಳಗೊಳಗೇ ನಗುತ್ತ ಪಂಡರಿ ಕಬೂಲ್ ಅಂದ.

ಸುಣ್ಣ ಸುಡುವುದೆಂದರೆ ರೊಟ್ಟಿ ಸುಟ್ಟ ಹಾಗಲ್ಲ. ಕಲ್ಲು ಶಾಖವನ್ನು ಕುಡಿಯುತ್ತಲೇ ಇರುತ್ತದೆ, ಎಷ್ಟು ಕಟ್ಟಿಗೆ ಒಟ್ಟಿದರೂ ಅದಕ್ಕೆ ಸಾಲದು. ಹಾಗೆ ಕುಡಿದು, ತನ್ನೊಳಗಿನ ಗಾಳಿಯನ್ನು ಬಿಟ್ಟು ಹಗುರಾದಾಗಲೇ ಅದು ಸುಣ್ಣದ ಹರಳು. ನಡುವೆ ಬೆಂಕಿ ಸಡಿಲಾಯಿತೋ, ಮೇಲೆ ಸುಣ್ಣ, ಹೊಟ್ಟೆಯಲ್ಲಿ ಬರೀ ಕಲ್ಲು! ದ್ರೌಪತಿ ಭಟ್ಟಿಯ ಬಾಯಿ ಬಿಟ್ಟು ಕದಲಲಿಲ್ಲ. ಆರಿದ ಮೇಲೆ ಹರಳೊಂದನ್ನು ಕೈಯಲ್ಲಿ ಎತ್ತಿ ನೋಡಿದಳು. ಹಗುರ! ಖುಷಿಗೆ ಕಣ್ಣಲ್ಲಿ ನೀರು ಬಂತು.

ಬಂಡಿಗೆ ಜೋಳದ ಒಣದಂಟು, ಕಣಿಕೆ ಹಾಸಿ ಹರಳು ಹೇರಿದರು. ಪಂಡರಿ ಎತ್ತು ಹೊಡೆದ. ರಾತ್ರಿ ಹುಮನಾಬಾದಿನಲ್ಲಿ ಅವನ ಅತ್ತೆ ಗಂಗುಬಾಯಿಯ ಮನೆಯಲ್ಲಿ ಇಳಿದರು. ಗಂಗುಬಾಯಿ ಬಲು ಭಕ್ತೆ. ಹೊಸ ಕೆಲಸಕ್ಕೆ ಹೊರಟ ಬಂಡಿಯ ಗಾಲಿಗೆ ನೀರು ಹಾಕಿ ಕಳಿಸುವುದು ಆ ಮನೆಯ ಪದ್ಧತಿ. ಬೆಳಗ್ಗೆ ದ್ರೌಪತಿ ಒಳಗೆ ಚಹಾ ಕುಡಿಯುತ್ತಿದ್ದಾಗ ಆ ಪುಣ್ಯಾತ್ಗಿತ್ತಿ ಗಾಲಿಗೆ ನೀರು ಹಾಕಿದಳು. ಕೊಡದಲ್ಲಿ ಇನ್ನೂ ನೀರು ಉಳಿದಿತ್ತು. ಹೇರೂ ತಂಪಾಗಿರಲಿ ಎಂದು ಅದನ್ನು ಬಂಡಿಯ ಹಿಂದಿನಿಂದ ಹರಳಿನ ಮೇಲೆ ಸುರಿದುಬಿಟ್ಟಳು! ಪಂಡರಿ ಕೈಮುಗಿದು ನಿಂತು ನೋಡಿದ. ಹೇಳಿ ಕೇಳಿ ಅತ್ತೆ, ತಡೆಯುವವರು ಯಾರು?

ಮಾಣಿಕನಗರದ ಅಂಗಡಿಗಳ ಮುಂದೆ ಬರುವಷ್ಟರಲ್ಲಿ ಬಂಡಿಯ ಹಿಂಬದಿಯಿಂದ ಹೊಗೆ ಎದ್ದಿತು. ಒದ್ದೆಯಾದ ಹರಳು ಚಟಚಟ ಸಿಡಿದು ಉಬ್ಬುತ್ತಿತ್ತು, ಅಡಿಯ ಕಣಿಕೆ ಕರ್ರಗಾಗುತ್ತಿತ್ತು. "ನೀರು ಬಿತ್ತೇನೋ ಇದಕ್ಕ?" ಎಂದು ದ್ರೌಪತಿ ಚೀರಿದಳು.

"ಅತ್ತಿ... ಒಳ್ಳೇದಾಗ್ಲಿ ಅಂತ..."

"ನಿಮ್ಮತ್ತಿ ಭಕ್ತಿಗಿಷ್ಟು ಬೆಂಕಿ ಹಚ್ಚಾ!"

ಅಂಗಡಿಯವರು ಬಕೀಟು ಹಿಡಿದು ಓಡಿಬಂದರು. ದ್ರೌಪತಿ ಬಂಡಿ ಏರಿ ಎರಡೂ ಕೈ ಚಾಚಿ ನಿಂತಳು. "ನೀರು ಹಾಕಬ್ಯಾಡ್ರಿ! ನೀರಿಗೇ ಹತ್ತ್ಯಾದ ಇದು! ಒಣಮಣ್ಣು ತರ್ರಿ!"

ನೀರಿಗೆ ಬೆಂಕಿ ಹತ್ತುವುದೇ? ಈಕೆಗೆ ತಲೆ ಕೆಟ್ಟಿದೆ ಎಂದುಕೊಂಡ ಒಬ್ಬ ಬಕೀಟು ಎತ್ತಿಯೇಬಿಟ್ಟ. ಆ ನೀರೊಂದು ಬಿದ್ದಿದ್ದರೆ ಹೇರೆಲ್ಲ ಹೋಗಿ, ಭಟ್ಟಿ ಪಂಡರಿಯ ಪಾಲಾಗುತ್ತಿತ್ತು. ಪಂಡರಿಗೆ ಅದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಹೊಗೆಯ ನಡುವೆ ಕದಲದೆ ನಿಂತ ವೈನಿಯನ್ನು ಕಂಡು, ಹಾರಿ ಆ ಬಕೀಟು ಕಸಿದು ರಸ್ತೆಗೆ ಚೆಲ್ಲಿದವನು ಅವನೇ. ಎತ್ತು ಬಿಚ್ಚಿದ, ಸಲಿಕೆ ಹಿಡಿದ. ಇಬ್ಬರೂ ಕೂಡಿ ಒದ್ದೆ ಹರಳನ್ನೂ ಹೊಗೆಯಾಡುವ ಕಣಿಕೆಯನ್ನೂ ಎಳೆದು ಕೆಳಗೆ ಹಾಕಿ ಮಣ್ಣು ಮುಚ್ಚಿದರು. ದ್ರೌಪತಿಯ ಅಂಗೈಯಲ್ಲಿ ಬೊಬ್ಬೆ ಎದ್ದವು. ಬಂಡಿಯ ಮುಂಭಾಗದ ಒಣ ಹೇರು ಉಳಿಯಿತು.

ಕಾರ್ಖಾನೆಯ ಕೆಮಿಸ್ಟ್ ಇನ್ನೂ ಹರೆಯದವ, ನಗುಮುಖದವ. ಹರಳುಗಳನ್ನು ಡಬ್ಬಿಗೆ ಹಾಕಿ, ಥರ್ಮಾಮೀಟರ್ ಇಟ್ಟು ನೀರು ಸುರಿದ. ನೀರು ಸುಮ್ಮನೆ ನಿಂತಿತು. ದ್ರೌಪತಿ ಡಬ್ಬಿಯ ಮೇಲೆ ಬಗ್ಗಿದಳು. ಹರಳಿನ ಹೊಟ್ಟೆಯಲ್ಲಿ ಕಲ್ಲು ಉಳಿಯಿತೇ? ಪಂಡರಿಯೂ ಹತ್ತಿರ ಸರಿದ.

ಅಷ್ಟರಲ್ಲಿ ಚಟ್ ಎಂದಿತು ಒಂದು ಹರಳು. ಹಿಂದೆಯೇ ಎಲ್ಲವೂ ಬಿರಿದು, ಒಲೆಯಿಲ್ಲದೆ ಬೆಂಕಿಯಿಲ್ಲದೆ ನೀರು ಕೊತಕೊತ ಕುದಿಯಿತು! ಪಾದರಸ ಏರಿತು, ಏರುತ್ತಲೇ ಹೋಯಿತು. ಕೆಮಿಸ್ಟ್ ಬಿಸಿ ತಾಳದೆ ಕೈ ಹಿಂದೆಗೆದ.

"ಭಟ್ಯಾಗ ಕಲ್ಲು ನುಂಗಿದ ಶಾಖದಾಗ ಒಂದಿಷ್ಟು ಈಗ ತಿರುಗಿ ಕೊಡಾಕತ್ತದ ನೋಡ್ರಿ," ಎಂದ. "ಅರೆಬರೆ ಸುಟ್ಟಿದ್ರ ಇಷ್ಟು ಕುದೀತಿರಲಿಲ್ಲ. ಪಾಸ್ ಆತ್ರೀ ಬಾಯಿ. ಈ ಹಂಗಾಮು ಪೂರ್ತಿ ನಿಮ್ಮ ಸುಣ್ಣನೇ ಕಳಸ್ರಿ."

ದ್ರೌಪತಿ ಬೊಬ್ಬೆಯೆದ್ದ ಕೈ ಸೊಂಟಕ್ಕಿಟ್ಟು ಮೈದುನನ ಕಡೆ ತಿರುಗಿದಳು. "ಹೇಳಪಾ ಪಂಡರಿ. ಭಟ್ಟಿ ಯಾರದು?"

ಪಂಡರಿ ತಲೆಯ ರುಮಾಲು ಬಿಚ್ಚಿ, ಹರಿದು, ಆಕೆಯ ಅಂಗೈಗೆ ಸುತ್ತತೊಡಗಿದ. "ನಿಮ್ದರಿ ವೈನಿ. ಕಲ್ಲು ಒಡ್ಯಾಕ ನನ್ನ ಇಟ್ಕೋತೀರೇನು?"

"ಇಟ್ಕೋತೀನಿ," ಎಂದಳು ದ್ರೌಪತಿ. ಕಾರ್ಖಾನೆಯ ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು.