ಜಗಳೂರಿಗೆ ಒಯ್ದ ಅಡಿಕೆ

ನನ್ನನ್ನು ನ್ಯಾಮತಿಗೆ ಕೊಟ್ಟರು, ತಂಗಿಯನ್ನು ಜಗಳೂರಿಗೆ. ಅವಳನ್ನು ನೋಡಲು ಹೋದಾಗಲೆಲ್ಲ ನಾನು ಅಡಿಕೆ ಒಯ್ಯುತ್ತಿದ್ದೆ. ಅದು ಮೆಕ್ಕೆಜೋಳದ ಸೀಮೆ, ಅಡಿಕೆಯನ್ನು ಕೊಂಡೇ ತಿನ್ನಬೇಕು. ನಾವೋ ಚನ್ನಗಿರಿ ಕಡೆಯವರು, ಶಾಲೆ ಬಿಟ್ಟು ಕಂಡವರ ಅಂಗಳದಲ್ಲಿ ಅಡಿಕೆ ಸುಲಿದು ಬೆಳೆದವರು. ಸುಲಿಯುವ ಹೆಂಗಸರು ನಿದ್ದೆ ಬಾರದಿರಲೆಂದು ಒಂದು ಚೂರನ್ನು ದವಡೆಗೆ ಒತ್ತಿಕೊಂಡೇ ಕೂರುವುದು ರೂಢಿ. ತಂಗಿ ತೂಕಡಿಸಿ ಕತ್ತಿಯ ಮೇಲೆ ಬಿದ್ದಾಳೆಂದು ಹೆದರಿ ಅವಳ ಬಾಯಿಗೆ ಮೊದಲ ಚೂರು ಹಾಕಿದವಳು ನಾನೇ.

ಗುಟ್ಕಾ ಕಂಡರೆ ನಮಗೆ ಆಗುತ್ತಿರಲಿಲ್ಲ. ಆದರೆ ಅಡಿಕೆ ಮಡಿಲು ತುಂಬುವ ವಸ್ತು, ದೇವರ ಮುಂದೆ ಇಡುವ ವಸ್ತು. ಅದು ಕೆಡುಕು ಮಾಡೀತೆಂದು ಯಾರು ಅಂದುಕೊಳ್ಳುತ್ತಾರೆ?

ಒಂದು ಸಲ ಊಟಕ್ಕೆ ಕೂತಾಗ ತಂಗಿ ಕೆಂಪು ಚಟ್ನಿಯನ್ನು ಪಕ್ಕಕ್ಕೆ ಸರಿಸಿದಳು.

"ಬಾಯಿ ಉರೀತೈತೆ ಅಕ್ಕ."

"ಏನವ್ವಾ, ಜಗಳೂರಿನ ಸೊಸೆ ಆದ್ಮೇಲೆ ನಾಲಿಗೆ ನಾಜೂಕಾತಲ್ಲ!" ಎಂದು ಅವಳ ಅತ್ತೆಯ ಎದುರೇ ನಕ್ಕೆ. ಅವಳೂ ನಕ್ಕು ಮೊಸರು ಕಲಸಿಕೊಂಡಳು. ಇನ್ನೊಂದು ಸಲ ಹೋದಾಗ ರೊಟ್ಟಿಯನ್ನು ಚೂರು ಚೂರು ಮಾಡಿ ಹಲ್ಲಿನ ಸಂದಿಯಲ್ಲಿ ತೂರಿಸಿಕೊಳ್ಳುತ್ತಿದ್ದಳು. ನೋಡಿದೆ, ಕೇಳಲಿಲ್ಲ. ಒಯ್ದ ಅಡಿಕೆಯನ್ನು ಡಬ್ಬಿಗೆ ಸುರಿದು ಬಸ್ಸು ಹತ್ತಿದೆ.

ಆಕಳಿಸಲೂ ಆಗದೆ ಅವಳು ಒದ್ದಾಡಿದ ಮೇಲೆ ನನ್ನಲ್ಲಿಗೆ ಕರೆಸಿಕೊಂಡು ಹತ್ತಿರದ ಹೊನ್ನಾಳಿಯಲ್ಲಿ ಹಲ್ಲಿನ ಡಾಕ್ಟರಿಗೆ ತೋರಿಸಿದೆವು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಬಾಯಿಗೆ ಹಾಕಲು ಹೇಳಿದರು. ಮೂರು ಹೋಗಬೇಕಂತೆ. ತಂಗಿಗೆ ಒಂದು ಹೋಗುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು.

"ಗುಟ್ಕಾ ಹಾಕ್ತೀರಾ?"

"ಛೀ, ಇಲ್ಲ ಮೇಡಂ!" ಇಬ್ಬರೂ ಒಟ್ಟಿಗೆ ಅಂದೆವು.

"ಬರೀ ಅಡಿಕೆ?"

ತಂಗಿ ನನ್ನತ್ತ ನೋಡಿದಳು. ನಾನು ಗೋಡೆ ನೋಡಿದೆ. "ಊರಾಗೆ ಎಲ್ಲಾರೂ ಹಾಕ್ಕಂತಾರೆ ಮೇಡಂ" ಎಂದಳು. ನನ್ನ ಹೆಸರೆತ್ತಲಿಲ್ಲ.

ಡಾಕ್ಟರು ಬೈಯಲಿಲ್ಲ. "ಅಡಿಕೆ ರಸ ತಾಗಿದಾಗೆಲ್ಲ ಬಾಯೊಳಗಿನ ಜೀವಕೋಶಗಳು 'ಇಲ್ಲಿ ಪೆಟ್ಟಾಗಿದೆ' ಅಂತ ಒಂದಕ್ಕೊಂದು ಸುದ್ದಿ ಕಳಿಸ್ತವೆ. ಸುದ್ದಿ ಕೇಳಿ ರಕ್ತದಿಂದ ಕಾವಲಿನ ಕಣಗಳು ಬರ್ತವೆ. ನಿಮಗೆ ಉರಿಯಾಗಿದ್ದು ಆಗಲೇ. ಹಿಂದೆಯೇ ನಾರು ನೇಯೋ ಕೋಶಗಳು ಬಂದು ತೇಪೆ ಹಾಕ್ತವೆ. ಗಾಯ ಮಾಯ್ದರೆ 'ಸಾಕು' ಅನ್ನೋ ಸುದ್ದಿ ಹೋಗ್ಬೇಕು. ದಿನಾ ಅಡಿಕೆ ಇಟ್ಕೊಂಡ್ರೆ ಅದು ಹೋಗೋದೇ ಇಲ್ಲ. ನೇಯ್ತಾನೇ ಇರ್ತವೆ."

ಕೌದಿಗೆ ತೇಪೆಯ ಮೇಲೆ ತೇಪೆ ಹೊಲಿದರೆ ಅದು ಮಡಚಲಾರದಷ್ಟು ಬಿರುಸಾಗುತ್ತದೆ. ಅವಳ ಕೆನ್ನೆಯೊಳಗೂ ಹಾಗೇ ಆಗಿತ್ತೆಂದು ನನಗೆ ತಿಳಿಯಿತು.

"ಅದನ್ನ ಬಿಚ್ಚಾಕೆ ಬರಲ್ವಾ ಮೇಡಂ?" ಎಂದು ಕೇಳಿದೆ.

"ಪೂರ್ತಿ ಬಿಚ್ಚೋಕಾಗಲ್ಲಮ್ಮ. ಇವತ್ತೇ ಬಿಟ್ರೆ ಇನ್ನೂ ಬಿಗಿಯಾಗೋದನ್ನ ತಡೀಬಹುದು. ಔಷಧಿ, ವ್ಯಾಯಾಮ ಮಾಡ್ಬೇಕು. ಇದು ಕ್ಯಾನ್ಸರಿಗೂ ತಿರುಗಬಹುದು, ತೋರಿಸ್ತಾ ಇರಿ."

ಬಸ್ ಸ್ಟ್ಯಾಂಡಿನಲ್ಲಿ ನಾನೇ ಬಾಯಿಬಿಟ್ಟೆ. "ಇದು ನನ್ನ ಕೈಯಿಂದ ಆಗಿದ್ದು ಕಣೆ. ಒಳಗೆ ಹೇಳಾಕೆ ಧೈರ್ಯ ಬರ್ಲಿಲ್ಲ."

"ಅಡಿಕೆ ಕೊಟ್ಟಿದ್ದಕ್ಕೆ ನಂಗೇನೂ ಇಲ್ಲಕ್ಕ. ಯಾರಿಗೆ ಗೊತ್ತಿತ್ತು? ಉರೀತೈತೆ ಅಂದಾಗ ನಕ್ಕೆಯಲ್ಲ, ಆಮೇಲೆ ಯಾರಿಗೂ ಹೇಳಬಾರ್ದು ಅನ್ನಿಸ್ತು."

ನಾನು ಅಳುವುದನ್ನು ನೋಡಿ ಅವಳೇ ಮೊಣಕೈಯಿಂದ ತಿವಿದಳು. "ಸುಮ್ನಿರು. ನನ್ನ ಬಾಯಿ ಮುಚ್ಚಿಸಿದ್ದಕ್ಕೆ ನಮ್ಮತ್ತೆ ನಿಂಗೊಂದು ಸೀರೆ ಕೊಡ್ಬೇಕು."

ಈಗ ಅವಳು ದಿನಾ ವ್ಯಾಯಾಮಕ್ಕೆಂದು ಐಸ್‌ಕ್ರೀಮ್ ಕಡ್ಡಿಗಳ ಕಟ್ಟನ್ನು ಹಲ್ಲುಗಳ ನಡುವೆ ಇಟ್ಟುಕೊಂಡು ಕೂರುತ್ತಾಳೆ. ಸಡಿಲವಾದರೆ ಇನ್ನೊಂದು ಕಡ್ಡಿ ಸೇರಿಸಬೇಕು. ಅಷ್ಟು ಹೊತ್ತು ಮಾತಾಡಲಾಗದು, ಆದರೂ ಫೋನು ಹಚ್ಚುತ್ತಾಳೆ. ಈ ಕಡೆ ನಾನು ಮನೆಯ ಸುದ್ದಿ ಹೇಳುತ್ತೇನೆ, ಆ ಕಡೆಯಿಂದ ಬರೀ "ಹ್ಞೂಂ" ಬರುತ್ತದೆ. ಮೊನ್ನೆ ಕಡ್ಡಿ ತೆಗೆದು, "ಇವತ್ತು ಒಂದು ಹೆಚ್ಚಿಗೆ ಹೋತಕ್ಕ, ಆದ್ರೆ ಭಾಳ ನೋವು" ಎಂದಳು. ಎಲ್ಲಿ, ಎಷ್ಟು ನೋವು ಎಂದು ಕೇಳಿದೆ. ಅವಳು ಹೇಳಿ ಮುಗಿಸುವವರೆಗೂ ಸುಮ್ಮನೆ ಕೇಳಿಸಿಕೊಂಡೆ.