ಸಸ್ಯಾಹಾರಿ ನಾಯಿಯ ಸೊಟ್ಟಗಾಲು

ಗಬ್ಬೂರಿನ ನಮ್ಮ ಮನೆಯ ನಾಯಿಮರಿ ಶುದ್ಧ ಸಸ್ಯಾಹಾರಿಯಾಗಿತ್ತು. ಅದು ತಾನಾಗಿ ಮಾಡಿದ ನಿರ್ಧಾರವಲ್ಲ. ಅದರ ಪರವಾಗಿ ಅಜ್ಜಿ ಮಾಡಿದ್ದು. ಪೂಜೆ ಮುಗಿಸಿ, ಬೆರಳಲ್ಲಿ ಉಳಿದ ವಿಭೂತಿಯನ್ನು ಅದರ ಹಣೆಗೂ ಎಳೆದು, ಅಪ್ಪನ ರೈಸ್ ಮಿಲ್ಲಿನ ನುಚ್ಚು ಬೇಯಿಸಿ ನೀರುಮಜ್ಜಿಗೆ ಕಲಸಿ ಇಡುತ್ತಿದ್ದಳು. ಹೊತ್ತು ಹೊತ್ತಿಗೂ ಅದೇ. ಮರಿ ಬಾಲ ಅಲ್ಲಾಡಿಸುತ್ತಿತ್ತು. ಅದನ್ನೇ ಅಜ್ಜಿ ಒಪ್ಪಿಗೆ ಎಂದು ತಿಳಿದಿದ್ದಳು.

ಕೆಲವು ತಿಂಗಳಲ್ಲಿ ಅದರ ಮುಂಗಾಲುಗಳು ಬಿಲ್ಲಿನಂತೆ ಬಾಗಿದವು. ಒಂದು ಬೆಳಿಗ್ಗೆ ಕಟ್ಟೆ ಇಳಿಯಲು ಹೋಗಿ ಅಲ್ಲೇ ಕೂತು ನರಳತೊಡಗಿತು. ಎತ್ತಲು ಹೋದರೆ ಕಚ್ಚಲು ಬಂತು.

"ಯಾರದೋ ಕಣ್ಣು ತಾಗ್ಯಾದ," ಅಂದಳು ಅಜ್ಜಿ.

"ನಿನ್ನ ನುಚ್ಚು ತಾಗ್ಯಾದ ಯವ್ವಾ. ನಾಯಿ ಮಾಂಸ ತಿನ್ನೋ ಪ್ರಾಣಿ," ಅಂದೆ ನಾನು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಹೊತ್ತು ತಂದವನು ನಾನು. ವಿಷಯ ಸಿಕ್ಕರೆ ಬಿಡುವವನಲ್ಲ. ಟಂಟಂ ಆಟೊ ಹತ್ತಿ ರಾಯಚೂರು ಮುಟ್ಟುವವರೆಗೂ ವಾದಿಸಿದೆ. ಮರಿ ಅಜ್ಜಿಯ ಸೆರಗಿನೊಳಗೆ ನಡುಗುತ್ತಿತ್ತು.

ಪಶುವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಎಲುಬು ಹಪ್ಪಳದಾಂಗ ಆಗ್ಯಾವ ನೋಡ್ರಿ. ಒಮ್ಮಿ ಜಿಗಿದ್ರ ಮುರೀತಾವ. ಬರೇ ನುಚ್ಚಿನಾಗ ಸುಣ್ಣದಂಶ ಎಲ್ಲಿಂದ ಬರಬೇಕು? ರಕ್ತಕ್ಕ ಬೇಕಾದ ಸುಣ್ಣಾನ ಮೈ ತನ್ನ ಎಲುಬಿಂದನ ಕಿತ್ತಿಕೊಳ್ಳಾಕತ್ತದ."

ನಾನು ಗೆದ್ದವನಂತೆ ಅಜ್ಜಿಯತ್ತ ನೋಡಿದೆ. "ಹಂಗಾರ ದಿನಾ ಮಾಂಸ ಹಾಕಬೇಕಲ್ರೀ?"

"ಬರೇ ಮಾಂಸ ಹಾಕಿದ್ರೂ ಇದ ಗತಿ. ಅದರಾಗೂ ಸುಣ್ಣ ಭಾಳ ಇಲ್ಲ."

ಅಜ್ಜಿ ಸಂಚಿಯಿಂದ ಎಲೆಅಡಿಕೆಯ ಸುಣ್ಣದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. "ಸುಣ್ಣ ಅಂದ್ರ ಇದ ಹೌದಲ್ರೀ? ಇವತ್ತಿಂದನ ನುಚ್ಚಿನಾಗ ಕಲಸ್ತೀನಿ."

"ಆ ಸುಣ್ಣ ಅಲ್ರೀ ಯವ್ವಾ. ಅದು ಬಾಯಿ, ಹೊಟ್ಟಿ ಸುಡ್ತದ," ಎಂದು ವೈದ್ಯರು, ಮರಿಗಳಿಗೆಂದೇ ತಯಾರಿಸಿದ ಆಹಾರದ ಹೆಸರು ಬರೆದುಕೊಟ್ಟರು. "ಇದರಾಗ ಎಲ್ಲಾ ಅಳತಿ ಪ್ರಕಾರ ಅದ. ಜಿಗಿಯಾಕ ಮಾತ್ರ ಬಿಡಬ್ಯಾಡ್ರಿ."

ಅಂಗಡಿಯವನು ಕೊಟ್ಟ ಚೀಲದ ಮೇಲೆ ಅಂಗೈಯಗಲದ ಕೋಳಿಯ ಚಿತ್ರವಿತ್ತು. ಅಜ್ಜಿ ಅದನ್ನು ನೋಡಿದಳು. ನಾನು ಅಜ್ಜಿಯನ್ನು ನೋಡಿದೆ. ಮನೆಗೆ ಬಂದವಳೇ ಒಳಗಿದ್ದ ಕಾಳಿನಂಥ ಆಹಾರವನ್ನೆಲ್ಲ ಸ್ಟೀಲ್ ಡಬ್ಬಿಗೆ ಸುರಿದು, ಚೀಲವನ್ನು ಒಲೆಗೆ ತುರುಕಿ, ಡಬ್ಬಿಯನ್ನು ತನ್ನ ಬಿಪಿ ಮಾತ್ರೆಗಳ ಪಕ್ಕ ಇಟ್ಟಳು.

"ಯವ್ವಾ, ಅದರಾಗ ಕೋಳಿ ಅದ."

"ಅದು ಔಷಧ."

"ಕೋಳಿ ಔಷಧ ಹೆಂಗಾಗ್ತದ? ನಮ್ಮ ಮನ್ಯಾಗ ಮಾಂಸ ಬಂದದ ಅಂತ ಒಪ್ಪಿಕೋ."

"ಲೇ, ನಿನಗ ನೀ ಗೆಲ್ಲೂದು ಬೇಕೋ, ಅದು ನಿಲ್ಲೂದು ಬೇಕೋ?"

ಸ್ಪರ್ಧೆಯಲ್ಲಾಗಿದ್ದರೆ ವಿಷಯಾಂತರ ಎಂದು ಆಕ್ಷೇಪ ಎತ್ತುತ್ತಿದ್ದೆ. ಮರಿ ಗೋಣಿತಾಟಿನ ಮೇಲೆ ಬಿದ್ದುಕೊಂಡು ನಮ್ಮಿಬ್ಬರನ್ನೂ ನೋಡುತ್ತಿತ್ತು. ನಾನು ಡಬ್ಬಿ ತೆಗೆದು ಅದರ ತಟ್ಟೆಗೆ ಒಂದು ಹಿಡಿ ಹಾಕಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅದು ಎದ್ದು ಓಡಾಡತೊಡಗಿತು. ಎಡಗಾಲು ಸೊಟ್ಟಗೇ ಉಳಿಯಿತು. ಆ ಸೊಟ್ಟಗಾಲಲ್ಲೇ ಒಂದು ಸಂಜೆ ಹೆಗ್ಗಣವೊಂದನ್ನು ಅಂಗಳದುದ್ದ ಅಟ್ಟಿ, ಮೂಲೆಗೆ ಹಾಕಿ ಹಿಡಿದು, ತಿಂದೂಬಿಟ್ಟಿತು. ಇದನ್ನು ಯಾವ ಔಷಧದ ಲೆಕ್ಕಕ್ಕೆ ಸೇರಿಸುತ್ತಾಳೋ ಎಂದು ಅಜ್ಜಿಯ ಮುಖ ನೋಡಿದೆ.

"ಹೆಂಗ ಓಡಿತು, ನೋಡಿದೇನು?" ಅಂದಳು.