ಸಮುದ್ರಕ್ಕೆ ಹೋದ ಆದೋನಿ ಹತ್ತಿ

ದಸ್ತಗಿರಮ್ಮ ಸಮುದ್ರ ನೋಡಿಲ್ಲ. ಐವತ್ತೊಂದು ವರ್ಷಗಳಲ್ಲಿ ಆಕೆ ಕಂಡ ದೊಡ್ಡ ನೀರು ಎಂದರೆ ಮಂತ್ರಾಲಯದ ತುಂಗಭದ್ರೆ. ಅದೂ ಎರಡೇ ಸಲ, ಎರಡೂ ಸಲ ಬೇಸಿಗೆಯಲ್ಲಿ, ಬಂಡೆಗಳ ಸಂದಿಯಲ್ಲಿ ಹರಿಯುವಷ್ಟು. ಆದರೆ ಬೆಳಗಿನ ಐದೂವರೆಗೆ, ಆದೋನಿಯ ಹತ್ತಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ, ತಗಡಿನ ಶೆಡ್ಡಿನ ಮುಂದೆ ಚಾಪೆ ಹಾಸಿಕೊಂಡು ಆಕೆ ಹೊಲಿಯುತ್ತಿರುವುದು ಮೀನುಗಾರರ ದೋಣಿಗೆ ಹೋಗಬೇಕಾದ ಗಾದಿ.

ಗಾದಿಯ ಆಕಾರ ವಿಚಿತ್ರವಾಗಿದೆ. ತಲೆಯ ಕಡೆ ಮೂರು ಗೇಣು ಅಗಲ, ಕಾಲಿನ ಕಡೆ ಒಂದೂವರೆ ಗೇಣು. ದೋಣಿಯ ಮೂತಿಯಲ್ಲಿ ಎರಡೂ ಬದಿಯ ಹಲಗೆಗಳು ಹತ್ತಿರ ಬರುತ್ತವೆ, ಮಲಗುವ ಜಾಗ ಅಲ್ಲೇ ಇರುತ್ತದೆ. ಆಕೆಯ ತಮ್ಮ ಆಂಜಿನೇಯ ದೋಣಿಯೊಳಗೆ ಕೂತು ಹಳೆಯ ಪೇಪರನ್ನು ಆ ಅಳತೆಗೆ ಕತ್ತರಿಸಿ ತಂದಿದ್ದಾನೆ. ಡೀಸೆಲ್ ಕಲೆ ಹತ್ತಿದ ಆ ಪೇಪರು ಚಾಪೆಯ ಮೇಲಿದೆ, ಹಾರದಂತೆ ನಾಲ್ಕು ಮೂಲೆಗೂ ಕಲ್ಲು ಇಟ್ಟಿದ್ದಾರೆ. ದಸ್ತಗಿರಮ್ಮ ದಬ್ಬಣವನ್ನು ಗಾದಿಯ ಮೇಲಿನಿಂದ ಚುಚ್ಚಿ ಕೆಳಗಿನಿಂದ ಎಳೆಯುತ್ತಾರೆ, ಗಂಟು ಹಾಕುತ್ತಾರೆ, ಹಲ್ಲಿನಿಂದ ದಾರ ಕಡಿಯುತ್ತಾರೆ. ಒಂದು ಗಾದಿಗೆ ಇಪ್ಪತ್ತನಾಲ್ಕು ಗಂಟು. ಏಳು ಗಂಟೆಯ ಮೇಲೆ ಗಾಳಿ ಎದ್ದರೆ ಹತ್ತಿ ಹಾರುತ್ತದೆ, ಅದಕ್ಕೇ ಇಷ್ಟು ಬೇಗ.

ಇದು ಮಾದರಿ ಗಾದಿ. ಮಳೆಗಾಲದ ಎರಡು ತಿಂಗಳು ಕರಾವಳಿಯಲ್ಲಿ ದೋಣಿಗಳು ನಿಂತಿರುತ್ತವೆ, ಆಂಜಿನೇಯನಂಥವರು ಊರಿಗೆ ಬಂದಿರುತ್ತಾರೆ. ಶನಿವಾರ ಅವನು ವಾಪಸು ಹೊರಡುತ್ತಾನೆ. ದೋಣಿಗಳು ನೀರಿಗಿಳಿಯುವ ಮುಂಚೆ ಮಾಲೀಕರು ಈ ಗಾದಿಯನ್ನು ನೋಡಿ ಒಪ್ಪಿದರೆ ಐದು ದೋಣಿಗೆ ಮೂವತ್ತು ಗಾದಿಯ ಕೆಲಸ ಸಿಗುತ್ತದೆ. ಒಪ್ಪದಿದ್ದರೆ ದಸರಾದ ಹೊತ್ತಿಗೆ ಶೆಡ್ಡು ಮುಚ್ಚುತ್ತದೆ. ಇದನ್ನು ಹೇಳುವಾಗ ದಸ್ತಗಿರಮ್ಮನ ಕೈ ನಿಲ್ಲುವುದಿಲ್ಲ.

ಮಾಲೀಕರ ಹೆಸರು ಬರೆಯಬೇಡಿ ಎಂದು ಆಕೆ ಮೊದಲೇ ಹೇಳಿದ್ದಾರೆ. ಆಸೆ ಇನ್ನೂ ಇದೆ.

ಆಕೆಯ ತವರು ದೇವನಕೊಂಡದ ಪಕ್ಕದ ಹಳ್ಳಿ. ಹದಿನಾರಕ್ಕೆ ಜಂಬಯ್ಯನನ್ನು ಮದುವೆಯಾಗಿ ಆದೋನಿಗೆ ಬಂದರು. ಜಂಬಯ್ಯ ಇಪ್ಪತ್ತಾರು ವರ್ಷ ಹತ್ತಿ ಮಿಲ್ಲಿನಲ್ಲಿ ದುಡಿದರು. ಅಲ್ಲಿಂದ ತಂದದ್ದು ಕೆಮ್ಮು. ಈಗ ಶೆಡ್ಡಿನ ಬಾಗಿಲಲ್ಲಿ ಟವೆಲ್ ಮೂಗಿಗೆ ಕಟ್ಟಿಕೊಂಡು ಕೂರುತ್ತಾರೆ, ಹತ್ತಿ ಹಿಂಜುವ ಮಿಷನ್ನನ್ನು ದೂರದಿಂದ ನೋಡುತ್ತಾರೆ. ಮಿಷನ್ನಿಗೆ ಹತ್ತಿ ಹಾಕುವುದು, ತುಂಬುವುದು, ಬಡಿಯುವುದು, ಹೊಲಿಯುವುದು ಎಲ್ಲವೂ ದಸ್ತಗಿರಮ್ಮನದೇ. ಹತ್ತು ವರ್ಷದ ಹಿಂದೆ ಮದುವೆಯ ತಿಂಗಳುಗಳಲ್ಲಿ ದಿನಕ್ಕೆ ಐದು ಗಾದಿ ಹೋಗುತ್ತಿದ್ದವು, ನಾಲ್ಕು ಹೆಂಗಸರು ಕೆಲಸಕ್ಕಿದ್ದರು. ಈಗ ವಾರಕ್ಕೆ ಎರಡು ಹೊಸ ಗಾದಿ ಹೋದರೆ ಹೆಚ್ಚು. ಮಿಕ್ಕದ್ದು ಹಳೆಯ ಗಾದಿ ಬಿಚ್ಚಿ, ಹಿಂಜಿ, ಮತ್ತೆ ತುಂಬುವ ಕೆಲಸ. ಮದುವೆಗೆ ಮಂಚ ಕೊಡುವವರು ಅದರ ಜೊತೆಗೇ ಫೋಮ್ ಹಾಸಿಗೆ ಕೊಡುತ್ತಾರೆ.

ಆಂಜಿನೇಯ ಎಂಟು ವರ್ಷದಿಂದ ದೋಣಿಯಲ್ಲಿದ್ದಾನೆ. ಅಡುಗೆ ಮಾಡುತ್ತಾನೆ, ಬಲೆ ಎಳೆಯುತ್ತಾನೆ. ಒಮ್ಮೆ ಹೊರಟರೆ ಹತ್ತು ಹನ್ನೆರಡು ದಿನ ನೀರಿನ ಮೇಲೆ. ರೈಲಿನ ಹಾಗೆ ಮೇಲೊಂದು ಕೆಳಗೊಂದು ಬರ್ತು, ಒಟ್ಟು ಆರು. ಬರೀ ಹಲಗೆ. ಅದರ ಮೇಲೆ ಹರಿದ ಬಲೆ, ಚೀಲ, ಪುಡಿಪುಡಿಯಾದ ಹಳೆಯ ಫೋಮು. ದೋಣಿ ಹೊರಳಿದಾಗ ಸೊಂಟದ ಮೂಳೆ ಹಲಗೆಗೆ ಬಡಿಯುತ್ತದೆ. ಹೋದ ಡಿಸೆಂಬರಿನಲ್ಲಿ ಊರಿಗೆ ಬಂದವನು ಅಕ್ಕನ ಮನೆಯಲ್ಲಿ ಬೋರಲು ಮಲಗಿದ. ಯಾಕೆ ಎಂದು ಕೇಳಿದಾಗ ಅಂಗಿ ಎತ್ತಿ ಸೊಂಟ ತೋರಿಸಿದ.

"ಊರಾಗಿನೋರಿಗೆಲ್ಲ ಗಾದಿ ಹೊಲೀತೀ, ಸ್ವಂತ ತಮ್ಮ ಹಲಗಿ ಮ್ಯಾಲೆ ಮಕ್ಕೊಂತಾನ ಅಂದ," ಎಂದು ದಸ್ತಗಿರಮ್ಮ ನೆನೆಸಿಕೊಳ್ಳುತ್ತಾರೆ. "ಹಂಗ ಅಂದ್ರ ಯಾವ ಅಕ್ಕ ಸುಮ್ನ ಇರ್ತಾಳ ಹೇಳ್ರಿ."

ಆರು ಗಾದಿ ಹೊಲಿದು ಕೊಟ್ಟರು. ಒಂದಕ್ಕೆ ನಾಲ್ಕು ಕೇಜಿ ಹತ್ತಿ. ಅವನು ಬಸ್ಸಿನ ಮೇಲೆ ಹಾಕಿಕೊಂಡು ಹೋದ. ಗಾದಿ ಹಾಸಿದ ಮೊದಲ ದಿನ ಬಲೆ ಎಳೆಯಲು ಒಬ್ಬನೂ ಏಳಲಿಲ್ಲವಂತೆ, ಒದ್ದು ಎಬ್ಬಿಸಬೇಕಾಯಿತಂತೆ. ಮೂರು ತಿಂಗಳಾದರೂ ಗಾದಿಗಳು ಚೆನ್ನಾಗಿಯೇ ಇದ್ದವು. ಮಾಲೀಕರಿಗೆ ಇನ್ನೂ ನಾಲ್ಕು ದೋಣಿಗಳಿದ್ದವು, ಅಲ್ಲಿಯ ಕೆಲಸದವರು ತಮಗೂ ಬೇಕೆಂದರು. ಇಪ್ಪತ್ತನಾಲ್ಕು ಗಾದಿಯ ಆರ್ಡರು ಬಂತು. ದಸ್ತಗಿರಮ್ಮ ಓಣಿಯ ಎರ್ರಮ್ಮ, ಮಂಗಳಾ ಇಬ್ಬರನ್ನು ಮತ್ತೆ ಕೆಲಸಕ್ಕೆ ಕರೆದರು. ಬೇರೆ ಗಿರಾಕಿಗಳನ್ನು ವಾಪಸು ಕಳಿಸಿದರು.

ತಪ್ಪು ಆದದ್ದು ಇಲ್ಲಿ.

ಇದು ಎರೆಮಣ್ಣಿನ ಸೀಮೆ. ಮಳೆ ಬಿದ್ದರೆ ಮನೆಯೊಳಗೆ ತೇವ ನೆಲದಿಂದ ಏಳುತ್ತದೆ. ಅದಕ್ಕೇ ಇಲ್ಲಿನ ಜನ ಮಳೆಗಾಲದಲ್ಲಿ ಗಾದಿಯ ಕೆಳಗೆ ಗೊಬ್ಬರದ ಖಾಲಿ ಪ್ಲಾಸ್ಟಿಕ್ ಚೀಲ ಹಾಸುತ್ತಾರೆ. ನೀರು ಕೆಳಗಿನಿಂದ ಬರುತ್ತದೆ ಎಂಬುದು ಇಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲ ಆರು ಗಾದಿಯನ್ನು ಅವಸರದಲ್ಲಿ ಬರೀ ಬಟ್ಟೆಯಲ್ಲಿ ಹೊಲಿದಿದ್ದ ದಸ್ತಗಿರಮ್ಮ, ಎರಡನೆಯ ಸಲ ಕೆಲಸ ಇನ್ನೂ ಚೆನ್ನಾಗಿರಲಿ ಎಂದು ಇಪ್ಪತ್ತನಾಲ್ಕಕ್ಕೂ ಅಡಿಭಾಗಕ್ಕೆ ನೀರು ದಾಟದ ರೆಕ್ಸಿನ್ ಹೊಲಿದರು. ಯಾರೂ ಕೇಳಿರಲಿಲ್ಲ.

"ಸಮುದ್ರ ಕೆಳಗ ಐತಿ ಕದಾ," ಎನ್ನುತ್ತಾರೆ. "ನೀರು ಕೆಳಗಿಂದ ಬರ್ತೈತಿ ಅಂದ್ಕೊಂಡೆ. ಆ ಸಣ್ಣ ಗೂಡಿನಾಗ ಆರು ಮಂದಿ ಉಸಿರು, ಬೆವರು, ಹಸಿ ಬಟ್ಟಿ ಎಲ್ಲಾ ಮ್ಯಾಲಿಂದ ಇಳೀತೈತಿ ಅಂತ ನನಗೇನು ಗೊತ್ತು."

ಮೇಲಿನಿಂದ ಇಳಿದ ನೀರು ಹತ್ತಿಗೆ ಹೋಯಿತು. ಕೆಳಗೆ ರೆಕ್ಸಿನ್ ಇದ್ದುದರಿಂದ ಅಲ್ಲೇ ನಿಂತಿತು. ಏಪ್ರಿಲಿನಲ್ಲಿ ಹೋದ ಗಾದಿಗಳು ಮೇ ತಿಂಗಳಲ್ಲಿ ಎರಡಾಳು ಎತ್ತುವಷ್ಟು ಭಾರವಾದವು. ಬೂಷ್ಟು ಹಿಡಿದು ಕಪ್ಪಾದವು, ನಾತ ಹೊಡೆದವು. ಮಲಗಿದವರ ಬೆನ್ನಿಗೆ ತುರಿಕೆ ಹತ್ತಿತು. ಆಂಜಿನೇಯನಿಗೆ ದೋಣಿಯವರು 'ಗಾದಿ' ಎಂದೇ ಹೆಸರಿಟ್ಟರು. ಮೇ ಕೊನೆಗೆ ದೋಣಿಗಳು ದಡ ಸೇರಿದಾಗ ಹತ್ತಿಯ ಗಾದಿ ಒಂದೂ ಉಳಿಯಬಾರದು ಎಂದು ಮಾಲೀಕರು ಹೇಳಿದರು. ಎಲ್ಲವನ್ನೂ ನೀರಿಗೆ ಎಸೆದರು. ಆಂಜಿನೇಯನ ದೋಣಿಯ ಮೊದಲಿನ ಆರರಲ್ಲಿ ಒಂದು ಚುಕ್ಕೆ ಬೂಷ್ಟೂ ಇರಲಿಲ್ಲ. ಅವನ್ನೂ ಎಸೆದರು. ಎಸೆದವನು ಆಂಜಿನೇಯನೇ.

ಅಕ್ಕ ತಮ್ಮನ ನಡುವೆ ಎರಡು ತಿಂಗಳಿಂದ ನಡೆದಿರುವ ಜಗಳ ಇದೇ. ಈಗಲೂ, ಅವನು ಚಹಾದ ಲೋಟ ತಂದಿಟ್ಟ ಕೂಡಲೇ ಶುರುವಾಗುತ್ತದೆ.

"ಹೇಳಿದ್ಯಾ ಆ ಸಾವ್ಕಾರಗ, ಈ ಆರು ಬ್ಯಾರೆ ಅದಾವ ಅಂತ?"

"ಏನಂತ ಹೇಳ್ಲಿ ಅಕ್ಕಾ. ಅವನ ಕಣ್ಣಿಗೆ ಎಲ್ಲಾ ಒಂದೇ."

"ನಿನ್ನ ಕಣ್ಣಿಗೆ?"

ಆಂಜಿನೇಯ ಪೇಪರಿನ ಮೂಲೆಯ ಕಲ್ಲನ್ನು ಸರಿಪಡಿಸುತ್ತಾನೆ. ಅಕ್ಕನೇ ಮುಂದುವರಿಸುತ್ತಾರೆ. "ಒಂದು ಬಿಸಿಲಿಗೆ ಹಾಕಿದ್ರ ಸಾಕಿತ್ತು. ಕೆಟ್ಟಾವನ್ನೂ ವಾಪಸು ತಂದಿದ್ರ ಬಿಚ್ಚಿ ಹಿಂಜಿ ಹೊಸಾವ ಮಾಡ್ತಿದ್ದೆ. ಹತ್ತಿ ಸಾಯಾದಿಲ್ಲಲೇ."

ಊರಿನಲ್ಲಿ ಬಿಸಿಲಿಗೆ ಬರವಿಲ್ಲ. ಮಾಳಿಗೆಯ ಮೇಲೆ ಹಾಕಿದ ಗಾದಿ ಮಧ್ಯಾಹ್ನದೊಳಗೆ ಉಬ್ಬಿ ನಿಲ್ಲುತ್ತದೆ. ದೋಣಿಯಲ್ಲಿ ಬಿಸಿಲಿದೆ, ಜಾಗವಿಲ್ಲ. ಬಲೆ, ಐಸು, ಮೀನಿನ ಬುಟ್ಟಿ. ಕ್ಯಾಬಿನ್ನಿನ ಮೇಲೆ ಹಾಕಿದರೆ ಉಪ್ಪುನೀರು ಸಿಡಿಯುತ್ತದೆ, ಉಪ್ಪು ಹಿಡಿದ ಬಟ್ಟೆ ಒಣಗಿದ ಮೇಲೂ ತೇವ ಎಳೆದುಕೊಳ್ಳುತ್ತದೆ. ಇದನ್ನೆಲ್ಲ ಆಂಜಿನೇಯ ಡಿಸೆಂಬರಿನಲ್ಲೇ ಹೇಳಬಹುದಿತ್ತು. ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ, ಕೇಳಬೇಕೆಂದು ಆಕೆಗೆ ಹೊಳೆಯಲಿಲ್ಲ.

ಜೂನಿನಲ್ಲಿ ಸುದ್ದಿ ತಿಳಿದ ಮೇಲೆ ದಸ್ತಗಿರಮ್ಮ ಅಳುತ್ತ ಕೂರಲಿಲ್ಲ. ಎರಡು ಸಣ್ಣ ಗಾದಿ ಹೊಲಿದರು, ಒಂದಕ್ಕೆ ರೆಕ್ಸಿನ್, ಇನ್ನೊಂದಕ್ಕೆ ಇಲ್ಲ. ಎರಡರ ಮೇಲೂ ಒಂದೊಂದು ಚೊಂಬು ನೀರು ಸುರಿದು ಶೆಡ್ಡಿನ ನೆರಳಿನಲ್ಲಿ ಹಲಗೆಯ ಮೇಲಿಟ್ಟರು. ರೆಕ್ಸಿನ್ ಇಲ್ಲದ್ದು ಮೂರನೇ ದಿನಕ್ಕೆ ಒಣಗಿತು. ರೆಕ್ಸಿನ್ ಇದ್ದದ್ದು ಎಂಟನೇ ದಿನ ಬಿಚ್ಚಿದಾಗ ನಾರುತ್ತಿತ್ತು.

"ಯಾರನ್ನ ಬೈಲಿ," ಎನ್ನುತ್ತಾರೆ. "ನೀರನ್ನ ನಾನೇ ಕಟ್ಟಿ ಇಟ್ಟಿದ್ದೆ."

ಈಗಿನ ಮಾದರಿ ಆ ಎಂಟು ದಿನದ ಪಾಠ. ರೆಕ್ಸಿನ್ ಇಲ್ಲ. ಗಾದಿ ಇಡಿಯಾಗಿಲ್ಲ, ಮೂರು ತುಂಡು. ಒಂದೊಂದು ತುಂಡನ್ನು ಒಬ್ಬನೇ ಎತ್ತಿ, ಸಮುದ್ರ ಶಾಂತವಿದ್ದಾಗ ಅರ್ಧ ಗಂಟೆ ಬಿಸಿಲು ತೋರಿಸಬಹುದು. ಹೊರಗವಸು ಲಾಡಿಯದು, ಬಿಚ್ಚಿ ಸಿಹಿನೀರಿನಲ್ಲಿ ಜಾಲಿಸಿದರೆ ಉಪ್ಪು ಹೋಗುತ್ತದೆ. ಕೆಳಗೆ ಹಾಸಲು ಬಿದಿರಿನ ಸೀಳುಗಳನ್ನು ಹಗ್ಗದಲ್ಲಿ ಬೆರಳಗಲ ಬಿಟ್ಟು ಹೆಣೆದಿದ್ದಾರೆ, ಗಾದಿಗೂ ಹಲಗೆಗೂ ನಡುವೆ ಗಾಳಿ ಆಡಲಿ ಎಂದು. ಸಮುದ್ರ ನೋಡದ ಹೆಂಗಸು ಆದೋನಿಯಲ್ಲಿ ಕೂತು ಇದನ್ನು ಕಂಡುಕೊಂಡಿದ್ದಾರೆ. ಕಂಡುಕೊಳ್ಳಲು ತಡವಾಗಿದೆ ಅಷ್ಟೆ.

ಎಂಟು ಗಂಟೆಗೆ ಆಂಜಿನೇಯನ ಫೋನು ರಿಂಗಾಗುತ್ತದೆ. ಮಾಲೀಕರು. ಅಕ್ಕನೂ ಕೇಳಲಿ ಎಂದು ಅವನು ಸ್ಪೀಕರ್ ಹಾಕುತ್ತಾನೆ. ಯಾವಾಗ ಹೊರಡುತ್ತೀ ಎಂಬ ಮಾತಾದ ಮೇಲೆ ಆಂಜಿನೇಯ ಗಾದಿಯ ವಿಷಯ ತೆಗೆಯುತ್ತಾನೆ, ಮೂರು ತುಂಡು, ಬಿದಿರು, ಗಾಳಿ ಎಂದು ಅರ್ಧ ಹೇಳುವಷ್ಟರಲ್ಲಿ ಆ ಕಡೆಯಿಂದ ನಗು.

"ನೀನು ಬಂದ್ರೆ ಸಾಕು ಮಾರಾಯ, ಹಾಸಿಗೆ ಗೀಸಿಗೆ ಹೊತ್ಕೊಂಡು ಬರ್ಬೇಡ. ಐದು ದೋಣಿಗೂ ಫೋಮ್ ಹಾಕ್ಸಿ ಆಯ್ತು, ಹೋದ ವಾರವೇ."

ಫೋಮಿನ ಕೆಳಗೂ ಗಾಳಿಗೆ ಜಾಗ ಬಿಟ್ಟಿದ್ದಾರೆಯೇ ಎಂದು ಕೇಳು ಎಂದು ದಸ್ತಗಿರಮ್ಮ ಪಿಸುಗುಟ್ಟುತ್ತಾರೆ. ಆಂಜಿನೇಯ ಅದನ್ನು ಮಾಲೀಕರಿಗೆ ಕೇಳುವುದಿಲ್ಲ. ಆಯ್ತು ಅಣ್ಣಾ ಎಂದು ಫೋನಿಡುತ್ತಾನೆ.

ಬಾಗಿಲಲ್ಲಿ ಕೂತ ಜಂಬಯ್ಯ ಟವೆಲ್ ಕೆಳಗಿಳಿಸಿ, ಎರೆಹೊಲದೋರು ಸಮುದ್ರಕ್ಕ ಹಾಸಿಗಿ ಹಾಸಾಕ ಹೊಂಟಿದ್ರು ಎಂದು ಕುಟುಕುತ್ತಾರೆ. ಆಮೇಲೆ ಕೆಮ್ಮು ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಒಂದನ್ನಾದರೂ ತನಗಾಗಿ ಒಯ್ಯುತ್ತೇನೆ ಎಂದು ಆಂಜಿನೇಯ ಅಕ್ಕನಿಗೆ ಹೇಳುತ್ತಾನೆ.

"ಬ್ಯಾಡ," ಎನ್ನುತ್ತಾರೆ ದಸ್ತಗಿರಮ್ಮ. "ಅದನ್ನೂ ನಿನ್ನ ಕೈಲೇ ಎಸೆಸ್ತಾರ."

ಉಳಿದಿದ್ದ ಐದು ಗಂಟುಗಳನ್ನು ಹಾಕಿ ಮುಗಿಸುತ್ತಾರೆ. ಕೆಲಸ ಅರ್ಧಕ್ಕೆ ಬಿಡುವ ರೂಢಿ ಆಕೆಗಿಲ್ಲ. ಮುಗಿದ ಗಾದಿಯನ್ನು ಎರಡೂ ಕೈಯಿಂದ ಒತ್ತಿ, ಅದು ಮೇಲೆದ್ದು ಬರುವುದನ್ನು ನೋಡುತ್ತಾರೆ. "ಇದು ಸರಿ ಐತಿ," ಎನ್ನುತ್ತಾರೆ. "ಯಾರಾದ್ರೂ ಒಬ್ರು ಇದರ ಮ್ಯಾಲೆ ಸಮುದ್ರದಾಗ ಒಂದು ನಿದ್ದಿ ಮಾಡಿ ಹೇಳಿದ್ರ ಸಾಕಾಗಿತ್ತು." ಆಮೇಲೆ ಕತ್ತರಿ ತೆಗೆದುಕೊಂಡು ಮೊದಲ ತುಂಡಿನ ಹೊಲಿಗೆ ಬಿಚ್ಚಲು ಶುರುಮಾಡುತ್ತಾರೆ. ಓಣಿಯವರ ಹಳೆಯ ಗಾದಿಯೊಂದಕ್ಕೆ ಹತ್ತಿ ಕಡಿಮೆ ಬಿದ್ದಿದೆ.

ಎರ್ರಮ್ಮ, ಮಂಗಳಾ ಕರೆ ಬರುತ್ತದೆಂದು ಕಾಯುತ್ತಿದ್ದಾರೆ. ಅವರಿಗೆ ಇನ್ನು ಪತ್ತಿಕೊಂಡದ ಕಡೆ ಟೊಮ್ಯಾಟೊ ಬಿಡಿಸುವ ಕೂಲಿಯೇ ಗತಿ.

ಹೋದದ್ದು ಇಷ್ಟು: ನೂರಿಪ್ಪತ್ತು ಕೇಜಿ ಹತ್ತಿ, ಏಳುನೂರ ಇಪ್ಪತ್ತು ಗಂಟು, ಇಬ್ಬರು ಹೆಂಗಸರ ಕೆಲಸ, ಮೂವತ್ತು ಗಾದಿ. ಮೂವತ್ತರಲ್ಲಿ ಕೆಟ್ಟವು ಇಪ್ಪತ್ತನಾಲ್ಕು.